ಕೋಡಿಂಬಾಳದಲ್ಲಿ ತೆಗೆಯದ ಗ್ರೂಪ್ ಫೋಟೋ

ಇಸವಿ ೧೯೫೮. ಪುತ್ತೂರಿನಲ್ಲಿ ನನ್ನದೇ ಸ್ಟುಡಿಯೋ ಹಾಕಿ ಮೂರು ತಿಂಗಳಾಗಿತ್ತು. ಓದಿದ್ದು ಐದನೇ ಕ್ಲಾಸು. ಕೆಲಸ ಕಲಿತದ್ದು ಮಂಗಳೂರಿನಲ್ಲಿ ಒಬ್ಬರ ಡಾರ್ಕ್ ರೂಮಿನಲ್ಲಿ ಫೋಟೋದ ಪ್ಲೇಟು ತೊಳೆದು. ಇದನ್ನೆಲ್ಲ ಈಗ ಯಾಕೆ ಬರೆಯುದು ಅಂದರೆ, ಮೊಮ್ಮಗಳು ಹೆತ್ತು ಹದಿನೆಂಟು ದಿನ, ಮನೆಯಲ್ಲಿ ಹೆಣ್ಣು ಕೂಸು ಉಂಟು ಮಾರಾಯ್ರೆ! ಸಂತೋಷದಲ್ಲಿ ನನ್ನ ಬಾಯಿ ನಿಲ್ಲುದಿಲ್ಲ. "ಅಜ್ಜ, ಮಾತಾಡಿ ಮಗುವನ್ನು ಎಬ್ಬಿಸ್ಬೇಡಿ, ಬೇಕಾದ್ರೆ ಬರೀರಿ" ಅಂತ ಮೊಮ್ಮಗಳೇ ಪುಸ್ತಕ ಕೊಟ್ಟಳು. ಬರೆಯಲು ಕೂತರೆ ಬಂದದ್ದು ರಕ್ತದ ಕಥೆ.

ಕೋಡಿಂಬಾಳದಲ್ಲಿ ಒಬ್ಬ ಯಜಮಾನರು ಅಕ್ಕಿ ಮಿಲ್ಲು ಕಟ್ಟಿಸ್ತಾ ಇದ್ದರು. ಗೋಡೆ ಊರಿನ ಕೆಂಪು ಮುರಕಲ್ಲಿನ ಕೆಲಸದವರದು, ಅವರ ಮೇಸ್ತ್ರಿ ಐತ್ತಪ್ಪ. ಮೇಲಿನ ಮಾಡು, ಅಂದರೆ ಮರದ ಸೂರು, ಕೇರಳದಿಂದ ಬಂದ ಬಡಗಿ ಆಚಾರಿಗಳದು, ಅವರ ಹಿರಿಯ ಕುಂಞಿರಾಮ. ಮಾಡಿನ ನೆತ್ತಿಯ ಮರ ಕೂತ ದಿನ ಎಲ್ಲರದೂ ಒಂದು ಫೋಟೋ ಬೇಕೆಂದು ಯಜಮಾನರು ಹೇಳಿ ಕಳಿಸಿದರು. ಆಗೆಲ್ಲ ಕೆಲಸದವರು ಫೋಟೋಕ್ಕೆ ನಿಲ್ಲುದು ಹತ್ಯಾರು ಹಿಡಿದೇ. ಆಚಾರಿಗೆ ಉಳಿ, ಕಲ್ಲಿನವರಿಗೆ ಕಲ್ಲು ಕೆತ್ತುವ ಕೊಡಲಿ. ಅದು ಅವರ ಮರ್ಯಾದೆ.

ಕುರ್ಚಿ ಇದ್ದದ್ದು ಎರಡು. ಒಂದರಲ್ಲಿ ಯಜಮಾನರು. ಇನ್ನೊಂದರಲ್ಲಿ, ದೂರದಿಂದ ಬಂದವರಲ್ಲವಾ ಅಂತ, ಕುಂಞಿರಾಮನನ್ನು ಕೂರಿಸಿದೆ. ಐತ್ತಪ್ಪನನ್ನು ಅವನ ಬೆನ್ನಿಗೇ ನಿಲ್ಲಿಸಿದೆ. ನಾನು ತಪ್ಪಿದ್ದು ಅಲ್ಲೇ.

"ಎಂತ ಫೋಟೋದವರೇ, ಗೋಡೆ ಕಟ್ಟಿದವ ಹಿಂದೆ, ಗೋಡೆ ಹತ್ತಿದವ ಕುರ್ಚಿಯಲ್ಲಾ?" ಅಂದ ಐತ್ತಪ್ಪ.

ಕುಂಞಿರಾಮ ತಿರುಗಲೂ ಇಲ್ಲ. "ನಿನ್ನ ಗೋಡೆ ಡೊಂಕು ಉಂಟು ಮಾರಾಯ. ಅಗಲ ನಿಂತು ಅದನ್ನು ಮರೆ ಮಾಡು."

ಎಲ್ಲರೂ ನಕ್ಕರು. ನಾನೂ ನಕ್ಕು ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದೆ.

ಆ ಕಾಲದ ದೊಡ್ಡ ಕ್ಯಾಮೆರಾದ ಹಿಂದೆ ಒಂದು ಮಬ್ಬು ಗಾಜು. ಅದರಲ್ಲಿ ಚಿತ್ರ ತಲೆಕೆಳಗಾಗಿ ಕಾಣುದು, ಜನ ಆಕಾಶದಿಂದ ನೇತಾಡಿದ ಹಾಗೆ. ಗಾಜಿನಲ್ಲಿ ಐತ್ತಪ್ಪನ ಕೊಡಲಿ ಕೆಳಗೆ ಕೆಳಗೆ ಹೋಯಿತು. ಸದ್ಯ, ನೆಲಕ್ಕೆ ಇಡ್ತಾ ಇದ್ದಾನೆ ಅಂತ ನಾನು ಫೋಕಸ್ ತಿರುಗಿಸುತ್ತಲೇ ಇದ್ದೆ. ಗಾಜಿನ ಕೆಳಗು ಅಂದರೆ ಹೊರಗಿನ ಮೇಲು. ಗೊತ್ತಿಲ್ಲದ್ದಲ್ಲ, ಆ ಕ್ಷಣ ಹೊಳೆಯಲಿಲ್ಲ.

ಹಸಿ ಮರ ಸೀಳಿದಂಥ ಶಬ್ದ. ಬಟ್ಟೆ ಎಳೆದು ನೋಡಿದರೆ ಕುಂಞಿರಾಮನ ಬಲ ಭುಜ ಬಾಯಿ ಬಿಟ್ಟು ಎಲುಬು ಕಾಣ್ತಿತ್ತು. ಯಜಮಾನರ ಬಿಳಿ ಅಂಗಿ ಪೂರಾ ಕೆಂಪು. ಆಚಾರಿಗಳು ಐತ್ತಪ್ಪನನ್ನು ಕೆಡವಿ ಕೊಡತಿಯಲ್ಲಿ ಬಾಯಿಗೇ ಹೊಡೆದರು, ಹಲ್ಲು ಉದುರಿತು. ಕಲ್ಲಿನವರು ಕಲ್ಲು ಬೀಸಿದರು. ನನ್ನ ಸ್ಟ್ಯಾಂಡಿನ ಕಾಲನ್ನೇ ಯಾರೋ ಮುರಿದು ಬಡಿಯಲು ಹಿಡಿದುಕೊಂಡರು. ನಾನು ಕಪ್ಪು ಬಟ್ಟೆಯನ್ನು ಕುಂಞಿರಾಮನ ಗಾಯಕ್ಕೆ ತುರುಕಿ ಮೊಣಕೈಯಲ್ಲಿ ಒತ್ತಿ ಹಿಡಿದೆ. ಮರ ತಂದ ಲಾರಿಯಲ್ಲೇ ಹಾಕಿಕೊಂಡು ಹೊರಟೆವು. ಪುತ್ತೂರು ಮುಟ್ಟುವವರೆಗೆ ಆ ಮೊಣಕೈ ತೆಗೆಯಲಿಲ್ಲ.

ಜೀವ ಉಳಿಯಿತು. ಕೈಯೂ ಉಳಿಯಿತು, ಆದರೆ ಭುಜದಿಂದ ಮೇಲೆ ಏಳಲಿಲ್ಲ. ಮಾಡು ಹತ್ತುವ ಆಚಾರಿಗೆ ಅದು ಇದ್ದೂ ಇಲ್ಲದ ಹಾಗೆ. ಐತ್ತಪ್ಪ ಜೈಲಿಗೆ ಹೋದ. ನಾನು ಆಸ್ಪತ್ರೆಗೆ ನೋಡಲು ಹೋದಾಗ ಕುಂಞಿರಾಮ ಕೇಳಿದ್ದು ಒಂದೇ: "ನೀವು ನಮ್ಮನ್ನೇ ನೋಡ್ತಾ ಇದ್ದಿರಲ್ಲಾ?"

ನೋಡ್ತಾ ಇದ್ದೆ, ಗಾಜಿನಲ್ಲಿ.

ಆಮೇಲೆ ಮೂವತ್ತು ವರ್ಷ ಗ್ರೂಪ್ ಫೋಟೋ ತೆಗೆದೆ. ಚಿತ್ರ ಸರಿ ಕಾಣುವ ಮೊದಲು ಮನುಷ್ಯರು ಸರಿ ಕಾಣಬೇಕು ಅಂತ ಈ ಕೆಲಸ ನನಗೆ ಕಲಿಸಿತು. ಫೋಕಸ್ ಆದ ಮೇಲೆ ಬಟ್ಟೆಯಿಂದ ಹೊರಗೆ ಬಂದು, ಒಬ್ಬೊಬ್ಬರ ಮುಖವನ್ನೂ ಬರಿಗಣ್ಣಿನಲ್ಲಿ ನೋಡಿ, "ಜಾಗ ಸರಿ ಉಂಟಾ?" ಅಂತ ಕೇಳಿಯೇ ಶಟರ್ ಒತ್ತಿದ್ದು. ತಡ ಆಗ್ತಿತ್ತು, ಜನ ಬೈತಿದ್ದರು. ಬೈಯಲಿ.