ಅಳಿವೆಯ ದಡದಲ್ಲಿ ಎ-ಎನ್-ಡಿ

ಹೊನ್ನಾವರಕ್ಕೆ ಬಂದ ಮೊದಲ ವಾರವೇ ನಮ್ಮ ಕೇರಿಯ ಜನರೆಲ್ಲ ಕಾಣೆಯಾದರು. ಬೆಳಿಗ್ಗೆ ಕಸ ಗುಡಿಸಿ ಹೊರಗೆ ನೋಡಿದರೆ ಮನೆಗಳ ಬಾಗಿಲು ತೆರೆದೇ ಇದ್ದವು, ಒಲೆಯ ಮೇಲೆ ಗಂಜಿಯ ಪಾತ್ರೆ ಇತ್ತು, ಮನುಷ್ಯರ ಸುಳಿವಿಲ್ಲ. ನಮ್ಮ ಬಾಗಲಕೋಟೆಯಲ್ಲಿ ಹೀಗೆ ಓಣಿ ಖಾಲಿಯಾದರೆ ಏನೋ ಅನಾಹುತ ಆಗಿದೆ ಎಂದೇ ಅರ್ಥ. ನಾನು ಇಡೀ ಜೀವನ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು. ಔಷಧದ ಪೆಟ್ಟಿಗೆ ಹಿಡಿದುಕೊಂಡೇ ಓಡಿದೆ. ಕೇರಿ ಮುಗಿಯುವಲ್ಲಿ ಶರಾವತಿ. ಎಲ್ಲರೂ ಅಲ್ಲಿದ್ದರು. ಸೊಂಟದ ತನಕ ನೀರಿನಲ್ಲಿ ನಿಂತು, ಕೆಸರು ಕೆದಕುತ್ತ, ಜೋರಾಗಿ ನಗುತ್ತ.

"ಎಂತ ಆತು ಅಮ್ಮ? ಯಾರಿಗೆ ಹುಷಾರಿಲ್ಲ?" ಎಂದು ಪಕ್ಕದ ಮನೆಯ ನಾಗವೇಣಿ ನೀರಿನಿಂದಲೇ ಕೂಗಿದಳು.

ಅವರು ಬಳಚು ಹೆಕ್ಕುತ್ತಿದ್ದರು. ಬಳಚು ಎಂದರೆ ಎರಡು ಚಿಪ್ಪಿನ ನಡುವೆ ಇರುವ ಪುಟ್ಟ ಜೀವಿ, ಇಲ್ಲಿಯವರಿಗೆ ಬಲು ರುಚಿಯ ಸಾರು. ಸಮುದ್ರದ ಇಳಿತಕ್ಕೆ ಹೊಳೆ ಕಡಲು ಸೇರುವ ಅಳಿವೆಯ ನೀರು ತಗ್ಗಿದಾಗ ಮಾತ್ರ ಅದು ಕೈಗೆ ಸಿಗುತ್ತದೆ. ಇಳಿತದ ಹೊತ್ತು ಇವತ್ತಿದ್ದಂತೆ ನಾಳೆ ಇರುವುದಿಲ್ಲ.

ನಿವೃತ್ತಿಯಾದ ಮೇಲೆ ಇಲ್ಲಿಗೆ ಏಕೆ ಬಂದೆ ಎಂದು ಬಾಗಲಕೋಟೆಯ ನೀವೆಲ್ಲ ಕೇಳುತ್ತೀರಿ. ಇಷ್ಟು ವರ್ಷ ಒಣಗಾಳಿ ಕುಡಿದಾಯಿತು, ಉಳಿದದ್ದು ನೀರಿನ ಪಕ್ಕ ಕಳೆಯಲಿ ಎನ್ನಿಸಿತು, ಅಷ್ಟೆ. ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿತು. ನಿಮ್ಮಲ್ಲಿ ಬಟ್ಟೆ ಹಿಂಡಿ ಹಾಕಿ ತಿರುಗುವಷ್ಟರಲ್ಲಿ ಒಣಗಿರುತ್ತದೆ. ಇಲ್ಲಿ ಮಳೆಗಾಲದಲ್ಲಿ ಒಣಗಿದ ಬಟ್ಟೆಯೂ ಮತ್ತೆ ತೇವವಾಗುತ್ತದೆ. ನೀವು ಕಟ್ಟಿಕೊಟ್ಟ ಜೋಳದ ಹಿಟ್ಟಿಗೆ ಹುಳ ಬಿತ್ತು. ಕುಚ್ಚಲಕ್ಕಿ ಗಂಜಿ ಗಂಟಲಿಗೆ ಒಗ್ಗಲು ತಿಂಗಳು ಬೇಕಾಯಿತು. ಮನೆಯವರಾಗಲಿ ರೋಗಿಗಳಾಗಲಿ ಇಲ್ಲದ ಸಂಜೆಗಳು ಮಾತ್ರ ಒಗ್ಗಲೇ ಇಲ್ಲ.

ಅಂಥ ಒಂದು ಸಂಜೆ ನಾಗವೇಣಿ ಜಗಲಿಗೆ ಬಂದು ಕೂತಳು. ಕುಮಟೆಯಲ್ಲಿ ಮೂರು ತಾಲ್ಲೂಕಿನ ಸ್ವಸಹಾಯ ಸಂಘದ ಹೆಂಗಸರು ವರ್ಷಕ್ಕೊಮ್ಮೆ ಸೇರುತ್ತಾರಂತೆ. ಅಲ್ಲೊಂದು ಆಟ, ತಾಲ್ಲೂಕಿಗೆ ಮೂವರ ತಂಡ. ಇಂಗ್ಲಿಷಿನ ಮೂರೋ ನಾಲ್ಕೋ ಅಕ್ಷರ ಕೊಡುತ್ತಾರೆ. ಆ ಅಕ್ಷರಗಳು ಅದೇ ಸಾಲಿನಲ್ಲಿ ಇರುವ ಶಬ್ದವನ್ನು ಅರ್ಥದ ಸಮೇತ ಹೇಳಬೇಕು. ಕೊನೆಯವರೆಗೆ ಉಳಿದವರಿಗೆ ಗೆಲುವು. ಹೋದ ವರ್ಷ ಅವಳು ವೇದಿಕೆ ಹತ್ತಿ, ಒಂದೂ ಶಬ್ದ ಬಾರದೆ ಇಳಿದಿದ್ದಳು. ಸಭೆ ನಕ್ಕಿತ್ತು.

"ಗೆಲ್ಲೂದು ಆಮೇಲಾತು. ಬಾಯಿ ಬಿಟ್ಟು ಮಾತಾಡಿ ಬರ್ಬೇಕು. ಕಲ್ಸಿಕೊಡ್ತ್ರಾ?"

ನನಗೆ ರೆಕ್ಕೆ ಬಂದಂತಾಯಿತು! ಕನ್ನಡ ಮಾಧ್ಯಮದಿಂದ ನರ್ಸಿಂಗ್ ಶಾಲೆಗೆ ಹೋದವಳು ನಾನು. ಇಂಗ್ಲಿಷನ್ನು ಹೀಗೆಯೇ ಗುಂಪು ಕಟ್ಟಿ ಕಲಿತಿದ್ದೆ. ಕಾಯಿಲೆಯ ಹೆಸರಿನ ಕೊನೆಗೆ ಐ-ಟಿ-ಐ-ಎಸ್ ಬಂತೇ, ಅಲ್ಲಿ ಉರಿಯೂತ ಇದೆ. ಒಂದು ಗುಂಪು ಹಿಡಿದರೆ ಹತ್ತು ಶಬ್ದ ಹಿಂದೆ ಬರುತ್ತವೆ.

ಸಂಜೆ ಐದಕ್ಕೆ ಪಾಠ ಎಂದು ಸಾರಿದೆ. ಮೊದಲ ದಿನ ಕೇರಿಯ ಸಂಘದ ಹೆಂಗಸರೆಲ್ಲ ಬಂದರು. ಮೂರನೆಯ ದಿನ ಯಾರೂ ಇಲ್ಲ, ನೀರು ಇಳಿದಿತ್ತು. ಸಿಟ್ಟು ಬಂತು, ಗಡಿಯಾರ ತೋರಿಸಿ ಬೈದೆ. ನಾಗವೇಣಿಯ ವಾರಗಿತ್ತಿ ಮಾದೇವಿ ಬಾಯಿಗೆ ಸೆರಗು ಹಿಡಿದು ನಕ್ಕಳು: "ಅಕ್ಕೋರೆ, ಸಮುದ್ರಕ್ಕೆ ನಿಮ್ಮ ಗಡಿಯಾರ ಕಟ್ಟಿ ಬತ್ತೆ, ಕೊಡಿ!" ಅಕ್ಕೋರು ಎಂದರೆ ಶಿಕ್ಷಕಿ. ಬಯ್ದ ದಿನವೇ ನನಗೆ ಆ ಪದವಿ ಸಿಕ್ಕಿತು. ಮರುದಿನದಿಂದ ಪಾಠ ನೀರು ಏರಿದಾಗ.

ಪಿ-ಓ-ಆರ್-ಟಿ ಗುಂಪು ಕೊಟ್ಟೆ. ಪೋರ್ಟ್, ಬಂದರು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಸಪೋರ್ಟ್‌ಗೆ ಅರ್ಥ ಕೇಳಿದೆ.

"ಮೀನಿನ ಬುಟ್ಟಿ ತಲೆಗೆ ಎತ್ತಿ ಕೊಡೋಳು," ಎಂದಳು ನಾಗವೇಣಿ.

"ಎಕ್ಸ್‌ಪೋರ್ಟ್?"

"ದೊಡ್ಡ ಸಿಗಡಿ ನಮ್ಮ ಕಣ್ಣೆದುರೇ ಲಾರಿ ಹತ್ತೂದು."

"ಇಂಪೋರ್ಟ್ ನಾ ಹೇಳ್ತೆ," ಮಾದೇವಿ ಕೈ ಎತ್ತಿದಳು. "ನಮ್ಮ ಅಕ್ಕೋರು. ಬಾಗಲಕೋಟೆ ಮಾಲು!"

ಯಾವ ವಾರ್ಡಿನಲ್ಲೂ ನಾನು ಹಾಗೆ ನಕ್ಕಿರಲಿಲ್ಲ.

ಕುಮಟೆಗೆ ಹೋಗುವ ದಿನ ನಾಗವೇಣಿ, ಮಾದೇವಿಯರ ತಂಡದ ಮೂರನೆಯವಳಿಗೆ ಜ್ವರ. "ನೀವೇ ಕೂತ್ಕಳಿ" ಎಂದು ನಾಗವೇಣಿ ನನ್ನನ್ನು ವೇದಿಕೆಗೆ ಎಳೆದಳು. ಮೈಕು ಹಿಡಿದಿದ್ದ ಮೇಡಂ ವಿಚಾರಿಸಿದರು, "ಅಮ್ಮಾ, ನಿಮ್ಮ ಊರು ಯಾವುದು?"

ಕೇಳಿದ್ದಕ್ಕೆ ನೇರ ಉತ್ತರ ಕೊಡುವುದು ನನ್ನ ಅಭ್ಯಾಸ. "ಬಾಗಲಕೋಟೆ" ಎಂದೆ.

"ಮೂರು ತಾಲ್ಲೂಕಿನವರಿಗೆ ಮಾತ್ರ. ದಯವಿಟ್ಟು ಕೆಳಗೆ ಕೂತ್ಕೊಳ್ಳಿ."

ನಾಗವೇಣಿಯ ಮುಖ ಕೆಂಪಾಯಿತು. "ಹೊನ್ನಾವರ ಅಂದ್ರೆ ನಿಮ್ಮ ಗಂಟು ಎಂತ ಹೋಗ್ತಿತ್ತು?" ಎಂದು ಪಿಸುಗುಟ್ಟಿದಳು. ಇಳಿದು ಬಂದು ಸಭೆಯ ಕುರ್ಚಿಯಲ್ಲಿ ಕೂತೆ.

ಬಂದ ಅಕ್ಷರಗಳು ಎ-ಎನ್-ಡಿ. ನಾಗವೇಣಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಸ್ಯಾಂಡ್. ಹೊಯ್ಗೆ." ಹೊಯ್ಗೆ ಎಂದರೆ ಇಲ್ಲಿಯ ಮಾತಿನಲ್ಲಿ ಮರಳು. ಚಪ್ಪಾಳೆ! ಭಟ್ಕಳದ ತಂಡದ ಶಬಾನಾ "ಹ್ಯಾಂಡ್, ಕೈ" ಎಂದಳು. ಕುಮಟೆಯವರು "ಕ್ಯಾಂಡಲ್, ಮೇಣದ ಬತ್ತಿ" ಎಂದರು. ಮಾದೇವಿ "ಐಲ್ಯಾಂಡ್, ಕುರ್ವೆ" ಎಂದಳು, ಹೊಳೆಯ ನಡುವಿನ ನಡುಗಡ್ಡೆಗೆ ಇಲ್ಲಿ ಹಾಗೆನ್ನುತ್ತಾರೆ. ಶಬಾನಾ "ಹಸ್ಬೆಂಡ್, ಗಂಡ" ಎಂದಾಗ ಮಾದೇವಿ ಕೂಗಿದಳು, "ಅಯ್ಯೋ, ಅದು ನಮ್ದಾಗಿತ್ತು!" ಸಭೆ ಬಿದ್ದು ಬಿದ್ದು ನಕ್ಕಿತು. ಕುಮಟೆಯವರು ತಡವರಿಸಿ ಹೊರಗಾದರು. ಸುತ್ತು ತಿರುಗಿ ತಿರುಗಿ ಶಬಾನಾಳ ಬಳಿ ಬಂದು ನಿಂತಿತು. ಅವಳು ತನ್ನವರೊಡನೆ ತಮ್ಮ ಮನೆಮಾತು ನವಾಯತಿಯಲ್ಲಿ ಏನೋ ಗುಸುಗುಸು ಮಾಡಿ, ಇಲ್ಲ ಎಂದು ತಲೆಯಾಡಿಸಿದಳು.

ಈಗ ನಾಗವೇಣಿ ಒಂದು ಶಬ್ದ ಹೇಳಿದರೆ ಗೆದ್ದಂತೆ. ಅವಳು ಛಾವಣಿ ನೋಡಿದಳು, ನೆಲ ನೋಡಿದಳು. ನನ್ನ ನಾಲಿಗೆಯ ತುದಿಯಲ್ಲಿ ಬ್ಯಾಂಡೇಜ್ ಕುಣಿಯುತ್ತಿತ್ತು. ಜೀವನವಿಡೀ ಸುತ್ತಿದ ವಸ್ತು! ತುಟಿ ಕಚ್ಚಿ ಕೂತೆ.

"ಬ್ರಾಂಡಿ," ಎಂದಳು ನಾಗವೇಣಿ.

ಮೈಕಿನ ಮೇಡಂ ಕೆಮ್ಮಿದರು. "ಅರ್ಥ?"

"ಕುಡ್ದೋರಿಗೆ ಔಷಧ, ಮನೆಯೋರಿಗೆ ಕಾಯ್ಲೆ."

ಇಡೀ ಸಭೆ ಎದ್ದು ಕುಣಿಯಿತು. ಶಬಾನಾ ಬಂದು ನಾಗವೇಣಿಯ ಕೈ ಹಿಡಿದಳು. "ಗೊತ್ತಿದ್ರೂ ನಾನು ಆ ಶಬ್ದ ಹೇಳೋ ಹಾಗಿರ್ಲಿಲ್ಲ ಅಕ್ಕಾ, ಮನೇಲಿ ವಿಚಾರಣೆ ಆಗ್ತಿತ್ತು!"

"ಗೆದ್ದವರು, ಹೊನ್ನಾವರ!" ಎಂದು ಮೈಕು ಕೂಗಿತು. ನಾನು ಕುರ್ಚಿಯ ಮೇಲೆ ಹತ್ತಿ ನಿಂತು ಎರಡೂ ಕೈ ಬೀಸುತ್ತಿದ್ದೆ. ಚಪ್ಪಲಿ ಎಲ್ಲಿ ಹೋಯಿತೋ ತಿಳಿಯದು.

ವೇದಿಕೆಯ ಮೇಲಿಂದ ಮಾದೇವಿ ನನ್ನನ್ನು ನೋಡಿ ಸೊಂಟಕ್ಕೆ ಕೈಯಿಟ್ಟಳು.

"ಎಂತ ಅಕ್ಕೋರೆ, ಹೊನ್ನಾವರ ಗೆದ್ರೆ ಬಾಗಲಕೋಟೆಯವ್ರು ಎಂತಕ್ಕೆ ಕುಣೀತ್ರಿ?"

ನಾನು ಇನ್ನೂ ಜೋರಾಗಿ ಕೈ ಬೀಸಿದೆ. ಕುರ್ಚಿಯಿಂದ ಇಳಿಯಲಿಲ್ಲ.