ಪ್ರಾರ್ಥನೆ ಬಂತು, ಮಾತು ಬರಲಿಲ್ಲ

ಕ್ರಿಸ್‌ಮಸ್ಸಿಗೆ ಇನ್ನೂ ಎರಡು ವಾರ ಇತ್ತು. ಭಾನುವಾರದ ಆರಾಧನೆಯಲ್ಲಿ ನಮ್ಮ ಯಜಮಾನರು ಪ್ರಸಂಗ ಮಾಡುತ್ತಿದ್ದರು. ಸವಣೂರಿನ ನಮ್ಮ ಸಣ್ಣ ಸಭೆಗೆ ಪಾದ್ರಿಗಳು ಬರುವುದು ಅಪರೂಪ. ಉಳಿದ ವಾರವೆಲ್ಲ ಶಾಲಾ ಮಾಸ್ತರರಾದ ಇವರದೇ ಮಾತು. ವಾರವಿಡೀ ಪತ್ರಿಕೆ ಓದುವುದು, ದೊಡ್ಡವರು ಯಾರು ಎಲ್ಲಿ ಎಡವಿದರು ಎಂದು ನೋಡುವುದು, ಯೇಸುಸ್ವಾಮಿ ಹೇಳಿದ್ದಕ್ಕೆ ಹೋಲಿಸಿ ಅವರನ್ನು ತೂಗುವುದು. ಮಂತ್ರಿಗಳನ್ನೂ ಬಿಟ್ಟವರಲ್ಲ, ಗವರ್ನರರನ್ನೂ ಬಿಟ್ಟವರಲ್ಲ. ಚೀನಾ ಯುದ್ಧ ಆದ ಮೇಲೆ ಪ್ರಧಾನಿಗಳ ಸರದಿ ಬಂತು. ವರ್ಷ ಕಳೆದರೂ ಇವರಿಗೆ ಆ ಸಿಟ್ಟು ಇಳಿದಿರಲಿಲ್ಲ.

"ಅಂವಗ ತನ್ನ ಬುದ್ಧಿ ಮ್ಯಾಲ ಭಾಳ ಭರೋಸಾ," ಅಂದರು. "ದೇವರ ಮುಂದ ಮೊಣಕಾಲು ಊರದಾಂವ ಒಂದಿನ..."

ಅಷ್ಟಕ್ಕೆ ನಿಂತರು.

ಮುಖ್ಯವಾದ ಮಾತಿಗೆ ಮೊದಲು ಹೀಗೆ ನಿಲ್ಲುವುದು ಇವರ ರೂಢಿ. ಹಾಗಾಗಿ ಯಾರೂ ಗಾಬರಿಯಾಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು ಗಟ್ಟಿಯಾಗಿ "ಆಮೆನ್" ಅಂದರು. ನಾನು ಮಾತ್ರ ಇವರ ಬಾಯಿ ನೋಡುತ್ತಿದ್ದೆ. ಬಲಗಡೆ ತುಟಿ ಜೋತುಬಿದ್ದಿತ್ತು.

ಆಮೇಲೆ ಬಿದ್ದರು.

ಪಕ್ಕದ ಮನೆಯ ಖಾದರ್ ಸಾಹೇಬರು ತಮ್ಮ ಖಾರದ ಅಂಗಡಿ ಮುಚ್ಚಿ ಓಡಿ ಬಂದರು. ಹುಬ್ಬಳ್ಳಿಗೆ ವೀಳ್ಯದೆಲೆ ಒಯ್ಯುವ ಲಾರಿಯನ್ನು ಅವರೇ ನಿಲ್ಲಿಸಿದರು. ಎಲೆಯ ಪೆಂಡಿಗಳ ನಡುವೆ ಇವರನ್ನು ಮಲಗಿಸಿಕೊಂಡು ದೊಡ್ಡಾಸ್ಪತ್ರೆ ಮುಟ್ಟಿದೆವು.

"ಸ್ಟ್ರೋಕ್ ಆಗೇತ್ರಿ. ಬಿ.ಪಿ. ಭಾಳ ಏರೇತಿ," ಅಂದರು ಡಾಕ್ಟರು. ಬಲಗೈ, ಬಲಗಾಲು ಎರಡೂ ಸತ್ತಂತಿದ್ದವು.

"ಮಾತು?" ಅಂದೆ.

"ಬಂದ್ರ ಬರಬಹುದು, ತಾಯಿ. ಈಗ ಹೇಳಾಕ ಬರಂಗಿಲ್ಲ."

ಮಾತೇ ಇವರ ಅನ್ನ. ಶಾಲೆಯಲ್ಲೂ ಮಾತು, ಸಭೆಯಲ್ಲೂ ಮಾತು, ಮನೆಯಲ್ಲಂತೂ ನನಗೆ ಬಾಯಿ ಹಾಕಲು ಸಂದು ಸಿಗುತ್ತಿರಲಿಲ್ಲ. ಸ್ವಲ್ಪ ಸುಮ್ಮನಿರ್ರಿ ಎಂದು ಎಷ್ಟು ಸಲ ರೇಗಿದ್ದೆನೋ. ಈಗ ವಾರ್ಡಿನಲ್ಲಿ ಕೂತು, ನನಗೊಂದು ಬೈಗುಳವಾದರೂ ಬೈಯಲಿ ಎಂದು ಕಾಯುತ್ತಿದ್ದೆ.

ನಮ್ಮ ಸಭೆಯ ಹಿರಿಯರು ಸಮುವೇಲಪ್ಪನವರು ನೋಡಲು ಬಂದರು. ಮಂಚದ ಪಕ್ಕ ನಿಂತು "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಕರ್ತನ ಪ್ರಾರ್ಥನೆ ಶುರು ಮಾಡಿದರು.

ಇವರೂ ಹೇಳತೊಡಗಿದರು.

ಮೊದಲು ತೊದಲು, ಆಮೇಲೆ ಸ್ಪಷ್ಟ. ಕೊನೆಯವರೆಗೆ ಒಂದಕ್ಷರ ತಪ್ಪಲಿಲ್ಲ. "ಅದ್ಭುತ ಆತು ನೋಡ್ರಿ, ತಂಗಿ!" ಎಂದು ಸಮುವೇಲಪ್ಪನವರು ಕೈ ಮೇಲೆತ್ತಿದರು. ನಾನು ಗಳಗಳನೆ ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು, "ರೀ, ನೀರು ಬೇಕೇನ್ರಿ?" ಅಂದೆ.

ಮತ್ತೆ ಅದೇ ಪ್ರಾರ್ಥನೆ. ಮೊದಲಿನಿಂದ ಕೊನೆತನಕ.

"ಅದು ಬಾಯಿಪಾಠ," ಅಂದರು ಡಾಕ್ಟರು. "ಹಾಡು, ಪ್ರಾರ್ಥನಾ, ಇಂಥವು ಒಮ್ಮೊಮ್ಮೆ ಉಳಿದಿರ್ತಾವು. ತಮ್ಮದ ಅನ್ನೂದು ಒಂದು ಮಾತು ಆಡ್ಲಿ, ಅವಾಗ ಧೈರ್ಯ ಹೇಳ್ತೇನಿ."

ಹೊಸ ವರ್ಷಕ್ಕೆ ಮನೆಗೆ ಕರೆತಂದೆ. ನೀರಡಿಸಿದರೂ ಪ್ರಾರ್ಥನೆ, ಹಸಿದರೂ ಪ್ರಾರ್ಥನೆ, ಹೊರಕಡೆಗೆ ಹೋಗಬೇಕೆಂದರೂ ಪ್ರಾರ್ಥನೆ. ಯಾವುದಕ್ಕೆ ಎಂದು ನಾನೇ ಊಹಿಸಬೇಕು, ಅದೂ ಬೇಗ. ಅದ್ಭುತದ ಸುದ್ದಿ ಹಬ್ಬಿ ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಜನ ಬಂದರು. ಕೇಳಿದರು, ಕಣ್ಣೀರು ಹಾಕಿದರು, ಚಹಾ ಕುಡಿದು ಹೋದರು. ಇವರ ಕಣ್ಣು ಮಾತ್ರ ಯಾರಿಗೂ ಕಾಣಲಿಲ್ಲ. ಏನೋ ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅದೇ ಬಂದುಬಿಡುತ್ತಿತ್ತು. ಅರ್ಧದಲ್ಲಿ ನಿಲ್ಲಿಸಲೂ ಆಗದೆ ಬೆವರುತ್ತಿದ್ದರು. ಇದು ನಿನಗೆ ಚೆನ್ನಾಗಿ ಕಾಣುತ್ತದೇನು ಸ್ವಾಮಿ, ನಿನ್ನ ಮಾತು ಉಳಿಸಿಕೊಂಡೆ, ಇವರದನ್ನು ಕಿತ್ತುಕೊಂಡೆ, ಎಂದು ಒಲೆಯ ಮುಂದೆ ಕೂತು ದೇವರ ಸಂಗಡ ಜಗಳಾಡಿದೆ.

ಅದೇ ತಿಂಗಳು ಒಂದು ಸಂಜೆ ಸಮುವೇಲಪ್ಪನವರು ಬಂದು ಕೂತಿದ್ದರು. ಖಾದರ್ ಸಾಹೇಬರು ರೇಡಿಯೋದ ಸುದ್ದಿ ಹೊತ್ತು ಬಂದರು. ಪ್ರಧಾನಿಗಳು ಅಧಿವೇಶನಕ್ಕೆ ಹೋದಲ್ಲಿ ಕಾಯಿಲೆ ಬಿದ್ದರಂತೆ. ಎಡಗಡೆ ಕೈಕಾಲು ಸೋತಿವೆಯಂತೆ.

"ನಮ್ಮ ಮಾಸ್ತರಗತೇನ, ಅಕ್ಕಾರ," ಅಂದರು ಸಾಹೇಬರು.

ಸಮುವೇಲಪ್ಪನವರು ತೊಡೆ ತಟ್ಟಿದರು. "ದೇವರು ಅವರ ಮ್ಯಾಲ ಕೈ ಎತ್ತಿದ! ಮಾಸ್ತರು ಅವತ್ತ ಹೇಳಿದ್ದು ಖರೇ ಆತು."

ನನಗೆ ಪಿತ್ತ ನೆತ್ತಿಗೇರಿತು. "ಹಂಗಾದ್ರ ಇವರ ಮ್ಯಾಲ ಎತ್ತಿದ್ದು ಯಾರ ಕೈರೀ, ಅಣ್ಣಾರ?"

"ಹಂಗಲ್ಲ ತಂಗಿ. ಇವರದು ಪರೀಕ್ಷಾ. ಅವರದು ಶಿಕ್ಷಾ."

"ಅಲ್ಲ!"

ಮಂಚದಿಂದ ಬಂದ ಮಾತು. ಇವರು ಎಡಗೈಯಿಂದ ಮಂಚದ ಪಟ್ಟಿಯನ್ನು ಗುದ್ದಿದ್ದರು. ಮುಖ ಕೆಂಪಾಗಿತ್ತು. "ಶಿಕ್ಷಾ... ಅಲ್ಲ." ಮುಂದೆ ಏನೋ ಹೇಳಲು ಹೋದರು, ಪ್ರಾರ್ಥನೆಯ ಮೊದಲ ಶಬ್ದ ಬಂತು. ತಲೆ ಕೊಡವಿ, ತುಟಿ ಕಚ್ಚಿ ಅದನ್ನು ತಡೆದರು. ಅದನ್ನು ನಿಲ್ಲಿಸಲು ಸಾಧ್ಯವಾದದ್ದು ಅವತ್ತೇ ಮೊದಲು. ನಾನು ಹೋಗಿ ಆ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಆಮೇಲೆ ಒಂದೊಂದಾಗಿ ಬಂದವು. ನೀರು. ಸಾಕು. ಬಿಸಿ. ಖಾದರ್ ಸಾಹೇಬರು ಹೊಸ್ತಿಲು ದಾಟಿದರೆ ಸಾಕು, "ಅವರು... ಹೆಂಗ?" ಎಂದು ಕೇಳುತ್ತಿದ್ದರು. ದಿಲ್ಲಿಯಲ್ಲಿ ಅವರು ಮತ್ತೆ ಕೆಲಸ ಶುರು ಮಾಡಿದರೆಂದು ಕೇಳಿದ ದಿನ ಇವರೂ ಗೋಡೆ ಹಿಡಿದು ಹಿತ್ತಲಿನವರೆಗೆ ನಡೆದರು. ಕೈಹಿಡಿದವಳಿಗಿಂತ ಅವರ ಮೇಲೆಯೇ ನಿಮಗೆ ಜೀವ ಎಂದು ನಾನು ಕಾಡಿಸುತ್ತಿದ್ದೆ. ಇವರು ಸೊಟ್ಟ ಬಾಯಲ್ಲೇ ನಗುತ್ತಿದ್ದರು.

ಬಿರುಬೇಸಿಗೆಯ ಒಂದು ಮಧ್ಯಾಹ್ನ ಸಾಹೇಬರು ಬಂದವರು ಒಳಗೆ ಬರಲಿಲ್ಲ. ಬಾಗಿಲಲ್ಲೇ ಟೊಪ್ಪಿಗೆ ಸರಿಪಡಿಸುತ್ತ ನಿಂತರು.

"ಹೋದ್ರಂತ್ರೀ."

ಇವರು ಗೋಡೆಯ ಕಡೆ ತಿರುಗಿ ಮಲಗಿದರು. ಅವತ್ತು ಉಣ್ಣಲಿಲ್ಲ, ಮಾತಾಡಲಿಲ್ಲ. ಬಂದ ಮಾತು ಮತ್ತೆ ಹೋಯಿತೇ ಎಂದು ನನ್ನ ಜೀವ ಬಾಯಿಗೆ ಬಂತು.

ಭಾನುವಾರ ತಾವೇ ಕೋಲು ಹಿಡಿದರು. ಸಭೆಯಲ್ಲಿ ಪ್ರಾರ್ಥನೆಗೆ ಕರೆದಾಗ ಬೆಂಚಿನಿಂದ ಎದ್ದು ನಿಂತರು. ಎಲ್ಲರೂ ಕರ್ತನ ಪ್ರಾರ್ಥನೆಗೆ ಸಿದ್ಧರಾಗಿ ತಲೆ ಬಗ್ಗಿಸಿದರು. ನಾನು ಇವರ ಬಾಯಿ ನೋಡುತ್ತಿದ್ದೆ.

"ಸ್ವಾಮೀ," ಅಂದರು. ಬಹಳ ಹೊತ್ತು ತಡವರಿಸಿದರು. "ನಾನು... ಬಿದ್ದೆ. ಅವರೂ... ಬಿದ್ರು. ನನ್ನ... ಎಬ್ಬಿಸಿದಿ." ಎಡಗೈಯಲ್ಲಿ ಕೋಲು ಬಿಗಿಹಿಡಿದರು. "ಅವರನ್ನೂ... ಎಬ್ಬಿಸು."

ಅಷ್ಟೇ. ಕೂತರು. ಸಮುವೇಲಪ್ಪನವರು ತಲೆ ಎತ್ತಲಿಲ್ಲ.

ಈಗಲೂ ಬಲಗೈ ಏಳುವುದಿಲ್ಲ. ಶಾಲೆಯ ಕೆಲಸ ಬಿಟ್ಟಾಗಿದೆ. ಒಂದು ಮಾತಿಗೆ ನಾಲ್ಕು ಸಲ ತಡವರಿಸುತ್ತಾರೆ, ನಾನು ಬಾಯಿ ಮುಚ್ಚಿಕೊಂಡು ಕಾಯುತ್ತೇನೆ. ಇಷ್ಟು ಕೊಟ್ಟೆಯಲ್ಲ, ಸಾಕು ಎಂದು ದೇವರಿಗೆ ಹೇಳಿದ್ದೇನೆ. ಇನ್ನೊಂದಿಷ್ಟು ಕೊಟ್ಟರೆ ಬೇಡ ಅನ್ನುವುದಿಲ್ಲ.