ದುಗ್ಗನನ್ನು ಬಿಡಿಸಿದ ಹಾಲೇಶಪ್ಪ

ನಾನು ಓದು ನಿಲ್ಲಿಸಿದ್ದು 1986ರಲ್ಲಿ, ಒಂಬತ್ತನೇ ತರಗತಿಯ ನಡುವೆ. ಕುಂಸಿಯಿಂದ ಶಿವಮೊಗ್ಗಕ್ಕೆ ಬಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಕಲಿತೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಊರಿನ ಯಾವ ಪ್ರೆಸ್ಸಿನವರನ್ನು ಕೇಳಿದರೂ ನನ್ನ ಕೈಯ ಬಗ್ಗೆ ಒಳ್ಳೆಯ ಮಾತಾಡುತ್ತಿದ್ದರು. ಇದನ್ನು ಜಂಬಕ್ಕೆ ಹೇಳುತ್ತಿದ್ದಾನೆ ಎಂದುಕೊಂಡರೆ ಅದೂ ಸರಿಯೇ. ಡಿಗ್ರಿ ಮಾಡಿದವರು ಬರೆದದ್ದನ್ನು ಡಿಗ್ರಿ ಕಾಣದ ನಾನು ತಿದ್ದಿ ಜೋಡಿಸುತ್ತಿದ್ದೆ. ಎಂಥೆಂಥವರ ಬರಹವೋ ನನ್ನ ಕೈ ದಾಟಿ ಹೋಗಿದೆ. ಆದರೆ ಬರೆಯುವುದಕ್ಕೋಸ್ಕರ ನನ್ನ ಕುತ್ತಿಗೆ ಹಿಡಿದವರು ಹಾಲೇಶಪ್ಪನವರೊಬ್ಬರೇ.

ಹಿಡಿದರು ಎಂದರೆ ನಿಜವಾಗಿಯೂ ಹಿಡಿದರು. ಒಂದು ಮಂಗಳವಾರ ನಾನು ಅರ್ಧ ಕಾಲಂ ಜೋಡಿಸಿ ನಿಂತಿದ್ದೆ. ಹಿಂದಿನಿಂದ ಬಂದು, "ಹಾಗೇ ನಿಂತ್ಕೋ ಮಾರಾಯ, ಅಲ್ಲಾಡಬೇಡ" ಎಂದವರೇ ಎಡಗೈಯನ್ನು ನನ್ನ ಕುತ್ತಿಗೆಗೆ ಸುತ್ತಿ, ಬಲ ಮಂಡಿಯನ್ನು ಬೆನ್ನಿಗೆ ಕೊಟ್ಟು, "ಈಗ ತಪ್ಪಿಸ್ಕೋ ನೋಡೋಣ" ಎಂದರು. ತಪ್ಪಿಸಿಕೊಳ್ಳಲು ಹೋಗಿ ಜೋಡಿಸಿಟ್ಟ ಮೊಳೆಗೆ ನನ್ನ ಕೈ ತಗುಲಿತು. ಅರ್ಧ ದಿನದ ಕೆಲಸ ನೆಲದ ಮೇಲೆ ಚೆಲ್ಲಿತು. ನಾನು ಬಯ್ಯುವ ಮೊದಲೇ ಅವರು ಕುಕ್ಕುರುಗಾಲಲ್ಲಿ ಕೂತು ಮೊಳೆ ಆರಿಸತೊಡಗಿದ್ದರು. ಆರಿಸುತ್ತಲೇ ಹೇಳಿದರು: "ಎಡಗಡೆಗೆ ತಿರುಗಿದ್ರೆ ತಪ್ಪಿಸ್ಕೋಬಹುದು ಕಣೋ. ದುಗ್ಗ ಎಡಗಡೆಗೇ ತಿರುಗ್ಲಿ."

ದುಗ್ಗ ಅವರ ಕಥೆಯ ಗುಲಾಮ. ನಮ್ಮ ಯಜಮಾನರು ಪ್ರೆಸ್ಸಿನ ಜೊತೆಗೆ ಎಂಟು ಪುಟದ ಒಂದು ವಾರಪತ್ರಿಕೆಯನ್ನೂ ನಡೆಸುತ್ತಿದ್ದರು. ಅದರ ಆರನೇ ಪುಟದಲ್ಲಿ ಹಾಲೇಶಪ್ಪನವರ ಧಾರಾವಾಹಿ ಬರುತ್ತಿತ್ತು. ಅವರು ಭದ್ರಾವತಿಯ ಒಂದು ಸಣ್ಣ ಎರಕದ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಮರಳನ್ನು ಪೆಟ್ಟಿಗೆಯಲ್ಲಿ ಬಡಿದು ಅಚ್ಚು ಮಾಡುವುದು ಅವರ ಪಾಲಿನ ಕೆಲಸ. ಆ ಅಚ್ಚಿಗೆ ಬೇರೆಯವರು ಕರಗಿದ ಕಬ್ಬಿಣ ಹೊಯ್ಯುತ್ತಿದ್ದರು. ಗಿಡ್ಡ ಆಳು, ಮೊಣಕೈವರೆಗೆ ಹುರಿಗಟ್ಟಿದ ತೋಳು, ಎಷ್ಟು ತೊಳೆದರೂ ಕಿವಿಯ ಮಡಿಕೆಯಲ್ಲಿ ಉಳಿಯುವ ಕರಿ ಮರಳು. ಓದಿದ್ದು ಏಳನೆಯವರೆಗೆ. ಮಂಗಳವಾರ ವಾರದ ರಜೆ. ಅವತ್ತು ಭದ್ರಾವತಿ ಬಸ್ಸಿಳಿದು ನೇರ ಪ್ರೆಸ್ಸಿಗೆ ಬಂದು, ಬುತ್ತಿ ಚೀಲದಿಂದ ನಾಲ್ಕು ಮಡಿಕೆ ಮಾಡಿದ ಹಾಳೆ ತೆಗೆಯುತ್ತಿದ್ದರು. ಹಾಳೆಯ ತುಂಬ ಬೆರಳಿನ ಮಸಿ.

ಕಥೆ ನಡೆಯುವುದು ಎರಡು ಸೂರ್ಯರಿರುವ ಒಂದು ನಾಡಿನಲ್ಲಿ. ಅಲ್ಲಿಯ ರಾಜನಿಗೆ ಮನುಷ್ಯರನ್ನೂ ಮೃಗಗಳನ್ನೂ ಕಾದಾಡಿಸಿ ನೋಡುವ ಚಟ. ಸೆರೆ ಸಿಕ್ಕವನ ಪಾದವನ್ನು ಮೊದಲು ಒದ್ದೆ ಮಣ್ಣಿಗೆ ಒತ್ತಿಸಿ ಅಚ್ಚು ತೆಗೆದು ಅರಮನೆಯ ಉಗ್ರಾಣದಲ್ಲಿಡುತ್ತಾರೆ. ಆ ಅಚ್ಚು ಅಲ್ಲಿರುವಷ್ಟು ದಿನ ಅವನು ಎಲ್ಲಿ ನಡೆದರೂ ನೆಲದ ಮೇಲೆ ಹೆಜ್ಜೆ ಮೂಡುವುದಿಲ್ಲ. ಓಡಿಹೋದರೆ ದಾರಿಯೆಲ್ಲ ಸುತ್ತಿ ಮತ್ತೆ ಕಾಳಗದ ಕಣದ ಬಾಗಿಲಿಗೇ ಬಂದು ನಿಲ್ಲುತ್ತದೆ. ದುಗ್ಗ ಗೆಲ್ಲುತ್ತಾನೆ, ರಾಜ ಅವನಿಗೆ ರೇಷ್ಮೆಯ ಹಾಸಿಗೆ ಕೊಡುತ್ತಾನೆ. ಒಂದು ಸಲ ಸೋತರೆ ಉಪ್ಪಿನ ಗಣಿಗೆ ನೂಕುತ್ತಾನೆ. ಮತ್ತೆ ಕರೆಸುತ್ತಾನೆ. ಬಿಡುಗಡೆಯ ಮಾತು ಎತ್ತಿದಾಗಲೆಲ್ಲ ಇನ್ನೊಂದೇ ಕಾಳಗ ಎನ್ನುತ್ತಾನೆ. ಇಂಥದನ್ನು ಎಲ್ಲಿಂದ ತಂದರೋ ನಾನು ಕೇಳಲಿಲ್ಲ. "ಮೈಗೆ ಬಾರದ ಪಟ್ಟು ಕಾಗದಕ್ಕೂ ಬರಬಾರದು" ಎಂಬುದು ಅವರ ನಿಯಮ. ಅದಕ್ಕೇ ನನ್ನ ಕುತ್ತಿಗೆ.

ಇನ್ನೊಂದು ನಿಯಮವೂ ಇತ್ತು. ಮುಂದೇನಾಗುತ್ತದೆ ಎಂದು ಯಾರು ಕೇಳಿದರೂ ಹೇಳುತ್ತಿರಲಿಲ್ಲ. "ಅಚ್ಚಾಗ್ಲಿ. ಅಚ್ಚಾಗೋವರೆಗೂ ಅದು ನಡೆದಿಲ್ಲ." ನಾನು ಜೋಡಿಸುವವನು, ನನಗೆ ಗೊತ್ತಾಗಿಯೇ ಆಗುತ್ತಿತ್ತು; ನನ್ನ ಬಾಯಿಯನ್ನೂ ಕಟ್ಟಿದ್ದರು.

ಕಥೆ ಶುರುವಾಗಿ ಆರು ತಿಂಗಳಿಗೆ ಒಂದು ಭಾನುವಾರ ಮಧ್ಯಾಹ್ನ ಅವರು ಶೆಡ್ಡಿನ ಊಟದ ಬಿಡುವಿನಲ್ಲಿ, ಭದ್ರಾವತಿಗೆ ಹೋಗಿದ್ದ ನನ್ನನ್ನು ಅಲ್ಲಿಯ ಒಂದು ವಠಾರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮಂಚದ ಮೇಲೆ ಮುರುಗೇಶ ಎಂಬವನು ಕಾಲು ಚಾಚಿ ಕೂತಿದ್ದ. ಅದೇ ಶೆಡ್ಡಿನಲ್ಲಿ ಕಬ್ಬಿಣ ಹೊಯ್ಯುತ್ತಿದ್ದವನು. ಅಜ್ಜನ ಕಾಲಕ್ಕೇ ಸೇಲಂ ಕಡೆಯಿಂದ ಬಂದ ಮನೆ; ಕನ್ನಡ ಮಾತಾಡುತ್ತಿದ್ದ, ಓದಲು ಬರುತ್ತಿರಲಿಲ್ಲ. ಬಲಗಾಲಿನ ಮೇಲೆ ಬಿಳಿ ಪಂಚೆ ಮುಚ್ಚಿತ್ತು.

ಹಾಲೇಶಪ್ಪನವರು ಪಕ್ಕದಲ್ಲಿ ಕೂತು ಪತ್ರಿಕೆ ಬಿಡಿಸಿ, ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಓದು ಬಾರದ ಮುರುಗೇಶ ಆ ಬೆರಳನ್ನೇ ನೋಡುತ್ತಿದ್ದ. ಮುಗಿದ ಮೇಲೆ, "ಈ ವಾರವೂ ಬಿಡ್ಲಿಲ್ವಾ ಅಣ್ಣ? ಎಂಥ ಕಲ್ಲುಮನಸ್ಸಿನ ರಾಜನಪ್ಪ ನಿಮ್ಮೋನು" ಎಂದ. ಆಮೇಲೆ ನನ್ನ ಕಡೆ ತಿರುಗಿ ನಗುತ್ತ, "ನನ್ ಕಾಲು ನೋಡಿದ್ರಾ ತಂಬಿ? ಇವರು ಕೊಟ್ಟಿದ್ದು. ಅಚ್ಚು ಹಸಿ ಇತ್ತು. ಹೊಯ್ದೆ, ಕಬ್ಬಿಣ ಸಿಡೀತು" ಎಂದ.

ಹಾಲೇಶಪ್ಪನವರು ಪತ್ರಿಕೆಯನ್ನು ಮಡಿಸಿದರು. ಮತ್ತೆ ಬಿಡಿಸಿ ಮತ್ತೆ ಮಡಿಸಿದರು. ಮರಳಿನಲ್ಲಿ ತೇವ ಹೆಚ್ಚಾದರೆ ಕರಗಿದ ಕಬ್ಬಿಣ ಸಿಡಿಯುತ್ತದೆಂದು ವಾಪಸ್ ಬರುವ ದಾರಿಯಲ್ಲಿ ವಿವರಿಸಿದರು. "ಅವತ್ತು ಮುಟ್ಟಿ ನೋಡಿದ್ದೆ, ಸರಿ ಇದೆ ಅನ್ನಿಸ್ತು. ಇಪ್ಪತ್ತು ವರ್ಷದ ಕೈ ಅಲ್ವಾ, ಎರಡನೇ ಸಲ ಮುಟ್ಟಲಿಲ್ಲ" ಎಂದರು. ಮುರುಗೇಶನಿಗೆ ಸಕ್ಕರೆ ಕಾಯಿಲೆ ಇತ್ತು. ಗಾಯ ಆರಿದಂತಾಗಿ ಮತ್ತೆ ಬಾಯಿ ಬಿಡುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಒಂದು ತಪ್ಪು ಮಾಡಿದೆ.

ನಮ್ಮ ಕೆಲಸದಲ್ಲಿ ಕಾಲಮ್ಮಿಗೆ ಹಿಡಿಸದ ಸಾಲುಗಳನ್ನು ಎತ್ತಿ, ದಾರ ಕಟ್ಟಿ ಪಕ್ಕಕ್ಕಿಟ್ಟು ಮುಂದಿನ ವಾರಕ್ಕೆ ಬಳಸುವ ರೂಢಿ ಇತ್ತು. ಯಾರನ್ನೂ ಕೇಳುತ್ತಿರಲಿಲ್ಲ. ಕೇಳದೆ ಪುಟ ಕೂರಿಸುವುದೇ ನನ್ನ ಹೆಮ್ಮೆ. ಆ ಶುಕ್ರವಾರ ಹಾಲೇಶಪ್ಪನವರ ಕಂತು ನಾಲ್ಕು ಸಾಲು ಹೆಚ್ಚಾಯಿತು. ಕೆಳಗೆ ಸೀರೆ ಅಂಗಡಿಯ ಜಾಹೀರಾತು, ಅದನ್ನು ಮುಟ್ಟುವಂತಿಲ್ಲ. ಕೊನೆಯ ನಾಲ್ಕು ಸಾಲು ಎತ್ತಿಟ್ಟೆ. ಓದದೆ ಎತ್ತಿದೆ ಎಂದು ಸುಳ್ಳು ಹೇಳಲಾರೆ. ಓದಿದೆ. ಉಗ್ರಾಣದಲ್ಲಿ ಅಚ್ಚು ಒಡೆಯಿತು, ದುಗ್ಗ ಎದ್ದ, ಮರಳಿನ ಮೇಲೆ ಅವನ ಹೆಜ್ಜೆ ಮೂಡಿತು, ಅವನು ಬಾಗಿಲು ದಾಟಿ ಹೋದ. ಮುಂದಿನ ವಾರಕ್ಕೆ ಒಳ್ಳೇ ಆರಂಭವಾಯಿತು ಎಂದು ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟೆ. ಶನಿವಾರದ ಪತ್ರಿಕೆಯಲ್ಲಿ ದುಗ್ಗ ಕಣದಲ್ಲಿ ಕುಸಿದು ಬಿದ್ದಲ್ಲಿಗೆ ಕಥೆ ನಿಂತಿತು.

ಸೋಮವಾರ ಬೆಳಿಗ್ಗೆಯೇ ಹಾಲೇಶಪ್ಪನವರು ಬಂದರು. ರಜೆಯ ದಿನವಲ್ಲ. ಅಂಗಿಯ ಗುಂಡಿ ತಪ್ಪಾಗಿ ಹಾಕಿತ್ತು.

"ನಾಲ್ಕು ಸಾಲು ಎಲ್ಲಿ ಮಂಜು?"

"ಜಾಗ ಸಾಲಲಿಲ್ಲ ಹಾಲೇಶಣ್ಣ. ಇಲ್ಲೇ ಕಟ್ಟಿಟ್ಟಿದೀನಿ."

ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೂಲಿನ ಮೇಲೆ ಕೂತು ಹೇಳಿದರು. ಮುರುಗೇಶನ ಕಾಲಿನ ಬೆರಳುಗಳು ಕಪ್ಪಾಗಿದ್ದವು. ಬೆರಳು ತೆಗೆದರೆ ಪಾದ ಉಳಿಯುತ್ತದೆ, ತಡಮಾಡಿದರೆ ಮಂಡಿಯ ಕೆಳಗೇ ಕತ್ತರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವನು ಹೆದರಿ, ದುಗ್ಗ ಬಿಡುಗಡೆ ಆದ ಮೇಲೆ ಬರುತ್ತೇನೆ ಎಂದು ಹಠ ಹಿಡಿದಿದ್ದ. ಅದಕ್ಕೇ ಹಾಲೇಶಪ್ಪನವರು ಆತುರದಿಂದ ದುಗ್ಗನನ್ನು ಬಿಡಿಸಿದ್ದರು.

"ನಿನ್ನೆ ಓದ್ತಾ ಕೂತೆ. ಕೊನೆಗೆ ಬಂದೆ, ಸಾಲೇ ಇಲ್ಲ. ಬಾಯಿಪಾಠ ಇತ್ತಲ್ಲ, ಹಾಗೇ ಹೇಳ್ಬಿಟ್ಟೆ. ಅವನು ನನ್ನ ಬೆರಳು ಹಿಡ್ಕೊಂಡ. 'ಅಣ್ಣ, ಬೆರಳು ಸೀರೆ ಚಿತ್ರದ ಮೇಲೆ ಇದೆ, ಬಾಯಿ ಮಾತ್ರ ಓದ್ತಾ ಇದೆ' ಅಂದ."

"ಈ ನಾಲ್ಕು ಸಾಲು ಬೇರೆ ಕಾಗದದ ಮೇಲೆ ಅಚ್ಚು ಹಾಕಿ ಕೊಡ್ತೀನಿ."

"ವಠಾರಕ್ಕೆ ಆರು ಪೇಪರ್ ಬರ್ತವೆ. ಆರರಲ್ಲೂ ಇರ್ಬೇಕಂತೆ. ಅಚ್ಚಾಗೋವರೆಗೂ ನಡೆದಿಲ್ಲ ಅಂತ ಅವನಿಗೆ ಕಲಿಸಿದೋನೇ ನಾನು." ಕಟ್ಟಿಟ್ಟ ಸಾಲುಗಳನ್ನು ಕೈಗೆತ್ತಿಕೊಂಡರು. "ನೆಪ ಅಂತ ನಂಗೂ ಗೊತ್ತು. ಆ ನೆಪ ಕಿತ್ಕೊಂಡ್ರೆ ಬರ್ತಾನೆ. ಡಾಕ್ಟ್ರು ಮುಂದಿನ ಸೋಮವಾರ ಕೊನೆ ಅಂದಿದಾರೆ."

ನಡುವೆ ಇದ್ದದ್ದು ಒಂದೇ ಶನಿವಾರ.

ಒಳಗಿನ ಕೋಣೆಯಿಂದ ಯಜಮಾನರು ಬಂದರು. ಕೆಟ್ಟವರಲ್ಲ, ವ್ಯಾಪಾರದ ಮನುಷ್ಯ. "ಹಾಲೇಶಪ್ಪ, ದೇವರೇ ಮಾಡಿಸಿದ್ದು ಅಂದ್ಕೋ. ದುಗ್ಗ ಉಳಿದ್ನಾ ಹೋದ್ನಾ ಅಂತ ಏಜೆಂಟರು ಜೀವ ತಿಂತಾ ಇದಾರೆ. ಇನ್ನೊಂದು ವರ್ಷ ಓಡಿಸು. ಅವನನ್ನ ಬಿಟ್ಬಿಟ್ರೆ ಜನ ಏನು ಓದ್ಬೇಕು, ನನ್ನ ಸಂಪಾದಕೀಯನಾ?"

"ಅವನನ್ನ ಬಿಟ್ಟಾಯ್ತು ಯಜಮಾನ್ರೆ. ಬರೆದಾಯ್ತು."

"ಅಚ್ಚಾಗಿಲ್ವಲ್ಲ."

ಹಾಲೇಶಪ್ಪನವರು ವಿಷಯ ಬಿಡಿಸಿ ಹೇಳಿದರು. ಯಜಮಾನರು ಕೇಳಿ, "ಪಾಪ" ಎಂದರು. "ಆಸ್ಪತ್ರೆಗೆ ಹೋಗೋಕೆ ಕಥೆ ಯಾಕೆ ಬೇಕು, ನಾಲ್ಕು ಜನ ಎತ್ಕೊಂಡು ಹೋಗಿ" ಎಂದರು. ಇವರು ಬರೆಯುವುದಿಲ್ಲ ಎಂದಾಗ, ತಾವೇ ಬರೆಯುತ್ತೇವೆ ಎಂದರು. ಬರೆದರು ಕೂಡ. ಬುಧವಾರ ನನ್ನ ಮುಂದೆ ಇಟ್ಟ ಹಾಳೆಯ ಮೊದಲ ಸಾಲಿನಲ್ಲೇ ದುಗ್ಗನ ಕೈಗೆ ಹೊಸ ಸರಪಳಿ ಬಿದ್ದಿತ್ತು.

ನಾನು ಅದನ್ನು ಜೋಡಿಸಿದೆ. ಗುರುವಾರ ಪ್ರೂಫ್ ಆಯಿತು, ಯಜಮಾನರು ಸಹಿ ಹಾಕಿದರು. ಮನೆಯಲ್ಲಿ ನನ್ನ ಹೆಂಡತಿಗೆ ಏಳು ತಿಂಗಳಾಗಿತ್ತು. ಕೆಲಸ ಹೋದರೆ ಇನ್ನೊಂದು ಪ್ರೆಸ್ಸು ಸಿಗುವ ಕಾಲವೂ ಅಲ್ಲ. ಊರಿಗೆ ಕಂಪ್ಯೂಟರು ಬಂದು ಮೊಳೆ ಜೋಡಿಸುವವರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸುತ್ತಿತ್ತು. ಎರಡು ದಿನ ಪಂಚೆಯ ಕೆಳಗೆ ಕಾಣದ ಆ ಕಾಲು ಹೇಗಾಗಿರಬಹುದು ಎಂದೇ ಯೋಚನೆ.

ಶುಕ್ರವಾರ ಮಧ್ಯಾಹ್ನ ಯಜಮಾನರು ತೀರ್ಥಹಳ್ಳಿಯ ಕಡೆ ಒಂದು ಮದುವೆಗೆ ಹೋದರು. ನಾನು ಆರನೇ ಪುಟ ಬಿಚ್ಚಿದೆ. ಅವರ ಕಾಲಂ ಪೂರ್ತಿ ತೆಗೆದೆ. ದಾರ ಕಟ್ಟಿಟ್ಟಿದ್ದ ನಾಲ್ಕು ಸಾಲನ್ನು ಬಿಚ್ಚಿ, ತಲೆಬರಹದ ದಪ್ಪ ಅಕ್ಷರದಲ್ಲಿ ಹೊಸದಾಗಿ ಜೋಡಿಸಿ, ಕೆಳಗೆ "ಮುಗಿಯಿತು" ಎಂದು ಹಾಕಿ, ಉಳಿದ ಜಾಗವನ್ನು ಹಾಗೇ ಬಿಟ್ಟೆ. ಮಷಿನ್ ನಡೆಸುವವನು ನೋಡಿ, "ಇಷ್ಟೊಂದು ಖಾಲಿನಾ? ಅದೂ ನೀನು?" ಎಂದ.

"ಈ ವಾರ ಹಾಗೇ" ಎಂದೆ.

ಶನಿವಾರ ಬೆಳಿಗ್ಗೆ ಯಜಮಾನರು ಆರನೇ ಪುಟ ಬಿಡಿಸಿ ನನ್ನ ಮುಂದೆ ಹಿಡಿದರು. "ನನ್ನ ಪತ್ರಿಕೆಯಲ್ಲಿ ನನ್ನ ಬರಹ ಕಿತ್ತು ಹಾಕೋಕೆ ನಿಂಗೆ ಅಧಿಕಾರ ಕೊಟ್ಟೋರು ಯಾರೋ ಮಂಜ?"

"ಯಾರೂ ಕೊಟ್ಟಿಲ್ಲ."

"ಹಾಗಾದ್ರೆ ನಡಿ."

ನಡೆದೆ. ನೇರ ಭದ್ರಾವತಿ ಬಸ್ಸು ಹತ್ತಿದೆ. ನಾನು ವಠಾರ ತಲುಪುವಾಗ ಹಾಲೇಶಪ್ಪನವರು ಆಗಲೇ ಮಂಚದ ಪಕ್ಕ ಕೂತಿದ್ದರು. ಮುರುಗೇಶನ ಮುಖ ಇಳಿದುಹೋಗಿತ್ತು. ಕೋಣೆಯಲ್ಲಿ ಊದುಬತ್ತಿ ಹಚ್ಚಿದ್ದರು, ಅದನ್ನೂ ಮೀರಿ ಗಾಯದ ವಾಸನೆ ಬರುತ್ತಿತ್ತು. ಹಾಲೇಶಪ್ಪನವರು ಬೆರಳಿಟ್ಟು ನಾಲ್ಕು ಸಾಲು ಓದಿದರು. ಮುರುಗೇಶ ಪಕ್ಕದ ಮನೆಯ ಪತ್ರಿಕೆ ತರಿಸಿದ. ಅದರ ಪಕ್ಕ ಇದನ್ನಿಟ್ಟು ಅಕ್ಷರದಿಂದ ಅಕ್ಷರಕ್ಕೆ ಕಣ್ಣು ಹಾಯಿಸಿದ. ಇನ್ನೊಂದು ಮನೆಯದೂ ಬಂತು. ಇನ್ನೊಂದು ನೆಪ ಹುಡುಕುತ್ತಾನೆ ಎಂದೇ ನಾನು ಕಾಯುತ್ತಿದ್ದೆ.

"ಕೆಳಗೆ ಇಷ್ಟು ಬಿಳಿ ಯಾಕೆ?" ಎಂದು ನನ್ನನ್ನು ಕೇಳಿದ.

"ಅವನು ಹೋದ ಮೇಲೆ ಅಲ್ಲಿ ಏನೂ ಇಲ್ಲ" ಎಂದೆ. ಬಾಯಿಗೆ ಬಂದದ್ದು ಹೇಳಿದೆ ಅಷ್ಟೆ.

ಅವನು ಗೋಡೆಯ ಕಡೆ ಮುಖ ಮಾಡಿದ. ಆ ಕಡೆ ತಿರುಗಿಕೊಂಡೇ, "ಸೋಮವಾರ ಎಷ್ಟು ಗಂಟೆಗೆ ಹೋಗ್ಬೇಕು ಅಣ್ಣ?" ಎಂದ.

ಮೂರು ಬೆರಳು ಹೋದವು. ಪಾದ ಉಳಿಯಿತು. ಅವನು ಕೋಲು ಹಿಡಿದು ನಡೆದಾಡುವಂತಾಗಲು ಅರ್ಧ ವರ್ಷ ಹಿಡಿಯಿತು. ಅಷ್ಟು ದಿನವೂ ಹಾಲೇಶಪ್ಪನವರು ತಮ್ಮ ಪಾಳಿ ಮುಗಿಸಿ ಹೋಗಿ ಡ್ರೆಸಿಂಗಿಗೆ ಕರೆದೊಯ್ಯುತ್ತಿದ್ದರು. ಮತ್ತೆ ಬರೆಯಲಿಲ್ಲ. ಕೆಲವು ವರ್ಷದ ಮೇಲೆ ಸಾಲ ಮಾಡಿ ಸ್ವಂತ ಪ್ರೆಸ್ಸು ಇಟ್ಟಾಗ ನಾನೇ, "ಇನ್ನೊಂದು ಬರೀರಿ ಹಾಲೇಶಣ್ಣ, ಈಗ ನಂದೇ ಪ್ರೆಸ್ಸು" ಎಂದೆ. "ಬರೀಬೇಕಂದ್ರೆ ಮತ್ತೆ ಯಾರನ್ನಾದ್ರೂ ಕಟ್ಟಿ ಹಾಕ್ಬೇಕಲ್ಲೋ ಮಾರಾಯ" ಎಂದು ನಕ್ಕರು.

ಕೊನೆಯ ಸಲ ಅವರು ನನ್ನ ಅಂಗಡಿಗೆ ಬಂದದ್ದು 2004ರ ಬೇಸಿಗೆಯಲ್ಲಿ. ಶೆಡ್ಡು ಮುಚ್ಚಿತ್ತು, ದಾವಣಗೆರೆಯ ಮಗಳ ಮನೆಗೆ ಹೊರಟಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರ ಸರಿದಾಡುವುದನ್ನು ನಿಂತು ನೋಡಿದರು. "ಈಗ ನಾಲ್ಕು ಸಾಲು ಹೆಚ್ಚಾದ್ರೆ ಏನ್ ಮಾಡ್ತೀಯ?"

"ಅಕ್ಷರ ಒಂಚೂರು ಸಣ್ಣ ಮಾಡ್ತೀನಿ."

"ಒಳ್ಳೇದಾಯ್ತು ಬಿಡು" ಎಂದರು. ಟೀ ಕುಡಿದು ಹೊರಟರು. ಮೂರನೇ ವರ್ಷ ಮುರುಗೇಶನೇ ಫೋನು ಮಾಡಿ ಅವರು ತೀರಿಹೋದ ಸುದ್ದಿ ಹೇಳಿದ. ಮಣ್ಣಿಗೆ ಅವನು ಹೋಗಿ ಬಂದಿದ್ದ. ನನಗೆ ತಿಳಿದಾಗ ಐದು ದಿನ ಕಳೆದಿತ್ತು.

ಈಗ ನನಗೆ ಶಿವಮೊಗ್ಗದ ಗೋಪಾಳದಲ್ಲಿ ಎರಡು ಕೋಣೆಯ ಮನೆ ಇದೆ. ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಓದುತ್ತಿದ್ದಾರೆ. ಒಂದು ಆಫ್‌ಸೆಟ್ ಮಷಿನ್, ಎರಡು ಕಂಪ್ಯೂಟರು, ಕೆಲಸಕ್ಕೆ ಮೂರು ಜನ. ಹಾಲೇಶಪ್ಪನವರ ಅಷ್ಟೂ ಕಂತುಗಳನ್ನು ಜೋಡಿಸಿದ್ದು ನಾನು; ಜೋಡಿಸಿ ಮುಗಿದ ಹಾಳೆಗಳನ್ನು ತಂತಿಗೆ ಚುಚ್ಚಿಟ್ಟು ವರ್ಷಕ್ಕೊಮ್ಮೆ ರದ್ದಿಗೆ ಹಾಕುತ್ತಿದ್ದವನೂ ನಾನೇ. ಅವರ ಕೈಬರಹದ ಹಾಳೆ ನನ್ನಲ್ಲಿ ಒಂದೂ ಇಲ್ಲ.